ಕೋವಿಗೆ ಹಚ್ಚಿದ ತೆಂಗಿನೆಣ್ಣೆ

ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿದ ತೆಂಗಿನೆಣ್ಣೆಯ ಬಾಟಲಿ ಹಿಡಿದರೆ ನಾನು ಈಗಲೂ ಮೊದಲು ಮುಚ್ಚಳ ತೆಗೆದು ಮೂಸುತ್ತೇನೆ. ಆ ವಾಸನೆಯೊಳಗೆ ಕಲ್ಕತ್ತೆಯ ಸದರ್ನ್ ಅವೆನ್ಯೂವಿನ ನಮ್ಮ ಬಾಡಿಗೆ ಮನೆಯಿದೆ. ಕಟ್ಟಡವನ್ನು ಕೆಡವಿ ವರ್ಷಗಳಾದವು. ನಿಮ್ಮ ಬಾಲ್ಯದ ಮನೆಯೂ ಹೀಗೆ ಬರೀ ವಾಸನೆಯಾಗಿ ಉಳಿದಿರಬಹುದು.

ಅಪ್ಪ ಬ್ಯಾಂಕಿನ ಕೆಲಸಕ್ಕೆಂದು ಕುಂದಾಪುರದಿಂದ ಬಂದವರು. ಅವರ ತಮ್ಮ, ನನ್ನ ಚಿಕ್ಕಪ್ಪ, ನಮ್ಮಲ್ಲೇ ಇದ್ದು ಸಂಶೋಧನೆ ಮಾಡುತ್ತಿದ್ದರು. ವಾರವಿಡೀ ಸೂಕ್ಷ್ಮದರ್ಶಕಕ್ಕೆ ಬಲಗಣ್ಣು ಹಚ್ಚಿ ಪಾಚಿಯ ಎಳೆಗಳನ್ನು ನೋಡುವುದು ಅವರ ಕೆಲಸ. ಭಾನುವಾರ ಅದೇ ಕಣ್ಣು ರೈಫಲ್ ಕ್ಲಬ್ಬಿನ ಗುರಿಹಲಗೆಯ ಮೇಲೆ. ಕೋವಿ ಅಪ್ಪನದು. ಒಂದು ಗುಂಡು ಹಾರಿದೊಡನೆ ಅದರ ಬೋಲ್ಟ್ ಎಂಬ ಉಕ್ಕಿನ ಅಗುಳಿ ತಾನೇ ಹಿಂದೆ ಸರಿದು, ಖಾಲಿ ತೋಟಾವನ್ನು ಎಸೆದು, ಮುಂದಿನದನ್ನು ನಳಿಗೆಗೆ ನೂಕುತ್ತಿತ್ತು. ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವ ಆ ಪುಟ್ಟ ತೋಟಾಗಳು ಮಸಿಯನ್ನೂ ಬಹಳ ಬಿಡುತ್ತಿದ್ದವು. ಶನಿವಾರ ಮಧ್ಯಾಹ್ನ ಅಪ್ಪ ಅಮ್ಮನ ಹಳೇ ಸೀರೆಯ ಚೂರನ್ನು ಸರಳಿಗೆ ಸುತ್ತಿ ನಳಿಗೆ ಒರೆಸುತ್ತಿದ್ದರು, ಹಲ್ಲುಜ್ಜುವ ಬ್ರಷ್ಷಿನಿಂದ ಬೋಲ್ಟಿನ ಮಸಿ ಕೆರೆಯುತ್ತಿದ್ದರು. "ಬೋಲ್ಟ್ ಅರ್ಧಕ್ಕೆ ನಿಂತ್ರೆ ದೂಡುದಲ್ಲ ಮಾಣಿ, ತೋಟಾ ತೆಗೆಯುದು," ಎಂದು ಪ್ರತಿ ಸಲ ತಮ್ಮನಿಗೆ ಹೇಳುತ್ತಿದ್ದರು.

ಆ ಜನವರಿಯ ಶನಿವಾರ ಬಂದ್. ಕೋವಿಯ ಎಣ್ಣೆ ಮುಗಿದಿತ್ತು, ಎಸ್ಪ್ಲನೇಡಿನ ಅಂಗಡಿಗೆ ಹೋಗಲು ಬಸ್ಸಿರಲಿಲ್ಲ, ಮರುದಿನವೇ ಕ್ಲಬ್ಬಿನ ಸ್ಪರ್ಧೆ. ಅಮ್ಮ ಒಲೆಯ ಪಕ್ಕದ ಬಾಟಲಿ ತಂದಿಟ್ಟಳು. "ತಲೆಗೆ ಆಗ್ತದೆ, ಮೀನಿಗೆ ಆಗ್ತದೆ, ನಿಮ್ಮ ಕೋವಿಗೆ ಮಾತ್ರ ಎಂತಕ್ಕೆ ಆಗುದಿಲ್ಲ?"

ಅಪ್ಪ ನಕ್ಕು ಬೋಲ್ಟಿಗೆ ಧಾರಾಳವಾಗಿ ಸವರಿದರು. "ಅಣ್ಣ, ಒಂದು ಬಾಚಣಿಗೆಯೂ ಕೊಡು ಅದಕ್ಕೆ," ಎಂದರು ಚಿಕ್ಕಪ್ಪ. ಚಳಿಗಾಲವಿಡೀ ಬಾಟಲಿ ಒಲೆಯ ಬಿಸಿಯಲ್ಲೇ ಇರುತ್ತಿದ್ದುದರಿಂದ ನಮ್ಮ ಮನೆಯ ಎಣ್ಣೆ ಎಂದೂ ಗಟ್ಟಿಯಾಗಿರಲಿಲ್ಲ. ಊರಿನಲ್ಲಂತೂ ಇಂಥ ಚಳಿಯೇ ಇಲ್ಲ. ಅದು ಹೆಪ್ಪುಗಟ್ಟುತ್ತದೆಂಬುದು ಯಾರಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಮಂಜು ಸುರಿಯುತ್ತಿತ್ತು. ನಾನು ಕ್ಲಬ್ಬಿನ ಹಿಂದಿನ ಬೆಂಚಿನಲ್ಲಿ ಚಹಾದ ಫ್ಲಾಸ್ಕು ಹಿಡಿದು ಕುಳಿತಿದ್ದೆ. ಚಿಕ್ಕಪ್ಪನ ಮೊದಲ ಗುಂಡು ಹಾರಿತು. ಬೋಲ್ಟ್ ಆಲಸ್ಯದಿಂದ ಹಿಂದೆ ಹೋಗಿ, ಮುಂದೆ ಬರುತ್ತಾ ಅರ್ಧಕ್ಕೆ ನಿಂತಿತು. ಸ್ಪರ್ಧೆಯ ಅವಸರದಲ್ಲಿ ಚಿಕ್ಕಪ್ಪ ಅದನ್ನು ಹೆಬ್ಬೆರಳಿನಿಂದ ಬಲವಾಗಿ ದೂಡಿದರು. ಅಪ್ಪ "ತೆಗಿ, ತೆಗಿ" ಎನ್ನುವಷ್ಟರಲ್ಲಿ, ಪೂರ್ತಿ ಒಳಹೋಗದ ತೋಟಾ ಬಲ್ಬು ಒಡೆದಂಥ ಸಣ್ಣ ಸದ್ದಿನೊಂದಿಗೆ ಸಿಡಿಯಿತು. ಚಿಕ್ಕಪ್ಪ ಬಲಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಮುಂದಕ್ಕೆ ಬಾಗಿದರು. ಅಪ್ಪ ಬೋಲ್ಟಿನ ಮೇಲೆ ಬೆರಳಾಡಿಸಿದಾಗ ಮೇಣದಂಥ ಬಿಳಿ ಮೆತ್ತಿಕೊಂಡಿತು.

ಆಸ್ಪತ್ರೆಗೆ ಹೋಗುವಾಗ ಟ್ಯಾಕ್ಸಿಯಲ್ಲಿ ಚಿಕ್ಕಪ್ಪ ಆಡಿದ್ದು ಒಂದೇ ಮಾತು: "ಎಣ್ಣೆಯಿಂದ ಅಂತ ಅತ್ತಿಗೆ ಹತ್ರ ಹೇಳ್ಬೇಡ ಅಣ್ಣ."

ಯಾರೂ ಹೇಳಲಿಲ್ಲ. ಆದರೆ ಅಪ್ಪನ ಅಂಗಿಯ ತೋಳಿಗೆ ಮೆತ್ತಿದ್ದ ಬಿಳಿಯನ್ನು ಅಮ್ಮ ಮೂಸಿ ನೋಡಿದಳು. ಅಂದೇ ಬಾಟಲಿಯನ್ನು ಮೋರಿಗೆ ಸುರಿದಳು. ಆಮೇಲೆ ನಮ್ಮ ಮನೆಯಲ್ಲಿ ಮೀನೂ ಸಾಸಿವೆ ಎಣ್ಣೆಯಲ್ಲೇ ಬೇಯಿತು. ಅಪ್ಪ ಅದನ್ನೇ ಉಂಡರು. ಕಣ್ಣು ಉಳಿಯಲಿಲ್ಲ. ಚಿಕ್ಕಪ್ಪ ಸಂಶೋಧನೆ ಬಿಟ್ಟು ಊರಿಗೆ ಹೊರಟ ದಿನ ಅಮ್ಮ ಅಡುಗೆಮನೆಯಿಂದ ಹೊರಗೇ ಬರಲಿಲ್ಲ. ಅವರು ಬಾಗಿಲ ಬಳಿ ನಿಂತು, "ಅತ್ತಿಗೆ, ಬರ್ತೆ," ಎಂದು ಕರೆದೇ ಕರೆದರು.

ಮೂವರೂ ಈಗಿಲ್ಲ. ಕನಸಿನಲ್ಲಿ ಬೋಲ್ಟ್ ಅರ್ಧಕ್ಕೆ ನಿಲ್ಲುತ್ತದೆ, ತೆಗಿ ಎಂದು ನಾನು ಕೂಗುವಷ್ಟರಲ್ಲಿ ಎಚ್ಚರವಾಗುತ್ತದೆ. ಎದ್ದು ಬಾಟಲಿಯನ್ನು ಬಿಸಿಲಿಗೆ ಇಡುತ್ತೇನೆ. ಎಣ್ಣೆ ಅಂಚಿನಿಂದ ಕರಗುತ್ತಾ ಬರುತ್ತದೆ. ನಡುವಿನ ಬಿಳಿ ಮಾತ್ರ ಬಹಳ ಹೊತ್ತು ತೇಲುತ್ತಿರುತ್ತದೆ.