ಡಾರಿಸ್ ಅಜ್ಜಿಯ ಸೋಫಾ, ಹ್ಯೂಸ್ಟನ್ನಿನ ಸೋಲು

ಹ್ಯೂಸ್ಟನ್‌ಗೆ ಬಂದಿಳಿದ ಮೂರನೆಯ ದಿನ, ಮಟಮಟ ಮಧ್ಯಾಹ್ನ, ಪಕ್ಕದ ಮನೆಯಲ್ಲಿ ಒಬ್ಬ ಹೆಂಗಸು “ಕೊಲ್ಲಿ ಅವನನ್ನ! ಕೊಂದು ಹಾಕಿ!” ಎಂದು ಕಿರುಚಿದರು. ನಾನು ಚಪಾತಿ ಲಟ್ಟಿಸುತ್ತಿದ್ದೆ. ಪೊಲೀಸರಿಗೆ ಫೋನ್ ಮಾಡಲು ನಂಬರ್ ಗೊತ್ತಿಲ್ಲ, ಗಂಡ ಆಫೀಸಿನಲ್ಲಿ, ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಹುಬ್ಬಳ್ಳಿಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಇಡೀ ಓಣಿ ಬಾಗಿಲಲ್ಲಿ ನೆರೆದಿರುತ್ತಿತ್ತು. ಕೈಯಲ್ಲಿದ್ದ ಲಟ್ಟಣಿಗೆ ಸಮೇತ ಓಡಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಟಿವಿಯ ಮುಂದೆ ನಿಂತು ಮುಷ್ಟಿ ಬಿಗಿಹಿಡಿದಿದ್ದರು. ಕೊಲ್ಲಬೇಕಾಗಿದ್ದದ್ದು ಬೇಸ್‌ಬಾಲ್ ಅಂಪೈರನ್ನು.

ಅಜ್ಜಿ ನನ್ನನ್ನು, ನನ್ನ ಹಿಟ್ಟಿನ ಕೈಯನ್ನು, ಲಟ್ಟಣಿಗೆಯನ್ನು ನೋಡಿದರು. ಒಂದಿಷ್ಟೂ ಬೆದರಲಿಲ್ಲ. “ಅದನ್ನ ಕೆಳಗಿಟ್ಟು ಕೂತ್ಕೋ. ಇನ್ನೂ ಎರಡು ಔಟ್ ಬಾಕಿ ಇದೆ” ಅಂದರು.

ಕೂತೆ. ನಾಲ್ಕು ವರ್ಷ ಕೂತೆ.

ಅವರ ಹೆಸರು ಡಾರಿಸ್. ಟೆಕ್ಸಾಸ್‌ನಲ್ಲಿ ಹಿರಿಯ ಹೆಂಗಸರನ್ನು, ಮದುವೆಯಾಗಿ ಮೊಮ್ಮಕ್ಕಳಿದ್ದರೂ, ಹೆಸರಿಗೆ ಮೊದಲು ‘ಮಿಸ್’ ಹಚ್ಚಿ ಕರೆಯುವುದು ಮರ್ಯಾದೆ. ಹಾಗಾಗಿ ಎದುರಿಗೆ ಮಿಸ್ ಡಾರಿಸ್, ನಮ್ಮ ಮನೆಯೊಳಗೆ ಡಾರಿಸ್ ಅಜ್ಜಿ. ನಾವಿದ್ದದ್ದು ಬಾಹ್ಯಾಕಾಶ ಕೇಂದ್ರದ ಪಕ್ಕದ ಕ್ಲಿಯರ್ ಲೇಕ್‌ನಲ್ಲಿ. ಅಲ್ಲಿ ಕಲ್ಲು ಎಸೆದರೆ ಒಬ್ಬ ರಾಕೆಟ್ ಎಂಜಿನಿಯರಿಗೆ ತಗಲುತ್ತದೆ. ಅಜ್ಜಿಯ ಗಂಡನೂ ಅಂಥವರೇ, ತೀರಿಕೊಂಡು ಆರು ವರ್ಷವಾಗಿತ್ತು. ಮಗಳು ಲಿಂಡಾ ನಗರದ ಇನ್ನೊಂದು ತುದಿಯ ಫುಲ್‌ಶೀರ್‌ನಲ್ಲಿ. ವರ್ಷಕ್ಕೆರಡು ಸಲ ಬರುತ್ತಿದ್ದಳು, ಅದೂ ನಾವು ಆಸ್ಟಿನ್‌ಗೋ ಇನ್ನೆಲ್ಲಿಗೋ ಹೋಗಿರುವಾಗ. ಹಾಗಾಗಿ ಅವಳ ಮುಖ ನಾನು ಕಂಡಿರಲಿಲ್ಲ.

ನನ್ನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಹುಬ್ಬಳ್ಳಿಯ ಪಿಯು ಕಾಲೇಜಿನಲ್ಲಿ ಹನ್ನೊಂದು ವರ್ಷ ಸ್ಟ್ಯಾಟಿಸ್ಟಿಕ್ಸ್ ಕಲಿಸಿದವಳು ನಾನು. ನಾನು ಕಾರಿಡಾರ್‌ನಲ್ಲಿ ಬಂದರೆ ಹುಡುಗರು ಮೊಬೈಲ್ ಬಚ್ಚಿಡುತ್ತಿದ್ದರು. ಇಲ್ಲಿ ಬಂದದ್ದು ಗಂಡನ ವೀಸಾದ ಬಾಲ ಹಿಡಿದು. ಆ ವೀಸಾದಲ್ಲಿ ಉಸಿರಾಡಬಹುದು, ಕೆಲಸ ಮಾಡುವ ಹಾಗಿಲ್ಲ. ಡ್ರೈವಿಂಗ್ ಬರುತ್ತಿರಲಿಲ್ಲ. ಶನಿವಾರ ನಮ್ಮನೆಯವರು ಸ್ಟಾಫರ್ಡ್‌ನ ಇಂಡಿಯನ್ ಅಂಗಡಿಗೆ ಕರಕೊಂಡು ಹೋಗಿ ತೊಗರಿಬೇಳೆ, ಬ್ಯಾಡಗಿ ಮೆಣಸಿನಕಾಯಿ ಕೊಡಿಸಿದರೆ ಅದೇ ನನ್ನ ಜಾತ್ರೆ. ಮಿಕ್ಕ ಆರು ದಿನ ಗೋಡೆಗಳ ಜೊತೆ ಮಾತು. ಇಂಥವಳ ಪಾಲಿಗೆ ಬೇಸ್‌ಬಾಲ್ ಸಿಕ್ಕಿತು. ವರ್ಷಕ್ಕೆ ನೂರಾ ಅರವತ್ತೆರಡು ಮ್ಯಾಚು! ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಹೆಚ್ಚುಕಡಿಮೆ ದಿನಕ್ಕೊಂದು. ನೆಂಟರೂ ಅಷ್ಟು ತಪ್ಪದೆ ಬರುವುದಿಲ್ಲ.

ಆಟ ತಲೆಗೆ ಹೋಗಲು ಒಂದು ತಿಂಗಳು ಹಿಡಿಯಿತು. ಕ್ರಿಕೆಟ್ ನೋಡಿ ಬೆಳೆದ ಕಣ್ಣಿಗೆ ಎಲ್ಲವೂ ಉಲ್ಟಾ. ಚೆಂಡು ನೆಲಕ್ಕೆ ಬೀಳುವುದೇ ಇಲ್ಲ, ಬ್ಯಾಟು ಒನಕೆ, ಹೊಡೆದ ಮೇಲೆ ಬ್ಯಾಟನ್ನು ಎಸೆದು ಓಡುವುದು. ಮೂರು ದಿನಕ್ಕೊಂದು ಹೊಡೆತ ಹೊಡೆದವನಿಗೂ ಚಪ್ಪಾಳೆ. ಹತ್ತರಲ್ಲಿ ಏಳು ಸಲ ಫೇಲಾದವನನ್ನು ಇಲ್ಲಿ ಮಹಾ ಆಟಗಾರ ಎಂದು ಹೆಗಲ ಮೇಲೆ ಹೊತ್ತು ಮೆರೆಸುತ್ತಾರೆ. ನಮ್ಮ ಕಾಲೇಜಿನಲ್ಲಿ ಅವನ ಅಪ್ಪನನ್ನು ಕರೆಸುತ್ತಿದ್ದೆವು. ಆದರೆ ಆ ಅಂಕಿ–ಅಂಶಗಳ ರಾಶಿ ನೋಡಿ ನನ್ನ ಹಳೇ ಜೀವ ಎದ್ದು ಕೂತಿತು. ಸರಾಸರಿ, ಸಂಭವನೀಯತೆ, ಎಲ್ಲ ನನ್ನವೇ. ಎರಡನೇ ವರ್ಷಕ್ಕೆ ಯಾವ ಎಸೆತಗಾರನನ್ನು ಯಾವಾಗ ಬದಲಾಯಿಸಬೇಕು ಎಂದು ನಾನು ಅಜ್ಜಿಗೆ ಹೇಳುತ್ತಿದ್ದೆ, ಅಜ್ಜಿ ಟಿವಿಯೊಳಗಿನ ಮ್ಯಾನೇಜರಿಗೆ ಹೇಳುತ್ತಿದ್ದರು, ಅವನು ಕೇಳುತ್ತಿರಲಿಲ್ಲ, ನಾವು ಸೋಲುತ್ತಿದ್ದೆವು.

ಅಯ್ಯೋ, ಆ ಸೋಲು! ಸತತ ಮೂರು ವರ್ಷ, ವರ್ಷಕ್ಕೆ ನೂರಕ್ಕೂ ಮಿಕ್ಕಿ ಸೋಲು. ಹ್ಯೂಸ್ಟನ್ನಿನವರೇ ಹ್ಯೂಸ್ಟನ್ ತಂಡವನ್ನು ನೋಡುತ್ತಿರಲಿಲ್ಲ. ಇಡೀ ಬೀದಿಯಲ್ಲಿ ನೋಡುತ್ತಿದ್ದವರು ನಾವಿಬ್ಬರೇ: ಒಬ್ಬರಿಗೆ ಬಿಡಲು ವಯಸ್ಸಿಲ್ಲ, ಇನ್ನೊಬ್ಬಳಿಗೆ ಹೋಗಲು ಜಾಗವಿಲ್ಲ.

ಸೆಪ್ಟೆಂಬರ್ ಬಂದರೆ ಫುಟ್‌ಬಾಲ್. ಇಲ್ಲಿನ ಫುಟ್‌ಬಾಲ್‌ನಲ್ಲಿ ನಾಲ್ಕು ಸೆಕೆಂಡ್ ಆಟ, ಅರ್ಧ ನಿಮಿಷ ಮೀಟಿಂಗ್. ಗುಂಡಗೆ ನಿಂತು ತಲೆ ಬಗ್ಗಿಸಿ ಚರ್ಚೆ, ಆಮೇಲೆ ಒಬ್ಬರ ಮೇಲೊಬ್ಬರು ಬೀಳುವುದು, ಚೆಂಡು ಮಾತ್ರ ಇದ್ದಲ್ಲೇ. ನಮ್ಮ ಕನ್ನಡ ಸಂಘದ ಸಮಿತಿ ಸಭೆ ನೋಡಿದವರಿಗೆ ಇದೇನು ಹೊಸದಲ್ಲ. ಆಸ್ಟಿನ್‌ನಲ್ಲಿರುವ ನಮ್ಮ ನಾದಿನಿಯ ಮನೆಗೆ ಒಮ್ಮೆ ಗಣಪತಿ ಹಬ್ಬಕ್ಕೆ ಹೋಗಿದ್ದೆವು. ಅಲ್ಲಿ ಕಾಲೇಜು ತಂಡವೇ ಕುಲದೇವರು. ಶನಿವಾರ ಮ್ಯಾಚು, ಮನೆ ತುಂಬ ಅಂಕಲ್, ಆಂಟಿಯರು, ಎಲ್ಲರೂ ಒಂದೇ ಬಣ್ಣದ ಟೀಶರ್ಟು. ಹಾಫ್‌ಟೈಮ್ ಆಗುವವರೆಗೆ ಗಣಪನಿಗೆ ಮಂಗಳಾರತಿ ಆಗಲಿಲ್ಲ. ಡಲ್ಲಾಸ್‌ನವರದಂತೂ ಕೇಳಲೇಬೇಡಿ. ಕಪ್ ಗೆದ್ದು ಒಂದು ತಲೆಮಾರಾದರೂ ದೇಶವೆಲ್ಲ ತಮ್ಮ ತಂಡವನ್ನೇ ಪೂಜಿಸುತ್ತದೆ ಎಂಬ ಭ್ರಮೆ. ಡಾರಿಸ್ ಅಜ್ಜಿ ‘ಡಲ್ಲಾಸ್’ ಎಂಬ ಶಬ್ದ ಬಾಯಿಗೆ ಬಂದರೆ ನೀರು ಹಾಕಿ ಬಾಯಿ ಮುಕ್ಕಳಿಸುತ್ತಿದ್ದರು. ನಾನೂ ಆ ದ್ವೇಷವನ್ನು ಮನಸಾರೆ ಕಲಿತೆ. ಒಂದು ಊರನ್ನು ನಮ್ಮದು ಅಂದುಕೊಳ್ಳಲು ಇನ್ನೊಂದು ಊರನ್ನು ಬೈಯಲು ಬಂದರೆ ಸಾಕು, ಪಾಸ್‌ಪೋರ್ಟ್ ಬೇಕಿಲ್ಲ.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ. ಹಿರಿಯರ ಮನೆಗೆ ಹೋಗಿ ಕೈಕಟ್ಟಿ ಕೂತು ಎದ್ದು ಬರುವುದು ನಮ್ಮ ಕಡೆ ಹೆಣ್ಣುಮಕ್ಕಳಿಗೆ ಆಗದ ಮಾತು. ಜಾಹೀರಾತು ಬಂದಾಗ ನಾನು ಅಡುಗೆಮನೆಗೆ ಹೋಗಿ ಅಜ್ಜಿಯ ಪಾತ್ರೆ ತೊಳೆದಿಡುತ್ತಿದ್ದೆ. ಫ್ರಿಜ್ಜಿನಲ್ಲಿ ಹಳಸಿದ್ದನ್ನು ತೆಗೆದೆಸೆದು ಮಜ್ಜಿಗೆಸಾರು ಇಟ್ಟು ಬರುತ್ತಿದ್ದೆ. ಮಂಡಿನೋವಿಗೆ ಎಣ್ಣೆ ಕಾಯಿಸಿ ತಿಕ್ಕುತ್ತಿದ್ದೆ. ಲೈಸೆನ್ಸ್ ಆದ ಮೇಲೆ ಡಾಕ್ಟರ ಹತ್ತಿರ ಕರಕೊಂಡು ಹೋಗುತ್ತಿದ್ದೆ. ಅವರು ಕೇಳಿರಲಿಲ್ಲ, ನಾನೂ ಕೇಳಿ ಮಾಡಲಿಲ್ಲ. ಮಾಡಬಾರದೆಂದು ಯಾರೂ ಹೇಳಲಿಲ್ಲ.

ಮ್ಯಾಚು ಬಿಗಿಯಾದಾಗ ಮಾತ್ರ ನಾನು ಏಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಅಣ್ಣ ಕ್ರಿಕೆಟ್ ನೋಡುವಾಗ ಕೂತವರು ಕೂತಲ್ಲೇ, ನಿಂತವರು ನಿಂತಲ್ಲೇ. ಅತ್ತಿತ್ತ ಆದರೆ ವಿಕೆಟ್ ಬೀಳುತ್ತದೆ. ಈ ನೇಮವನ್ನು ಅಜ್ಜಿಗೆ ಹೇಳಿದೆ. ರಾಕೆಟ್ ಎಂಜಿನಿಯರನ ಹೆಂಡತಿ ಗಂಭೀರವಾಗಿ ತಲೆಯಾಡಿಸಿ, “ಹಾಗಾದರೆ ಸೋಫಾದ ಎಡತುದಿ ಇನ್ಮೇಲೆ ನಿನ್ನದು. ಯಾರು ಬಂದರೂ ಬಿಡಬೇಡ” ಅಂದರು. ಅಮೆರಿಕದಲ್ಲಿ ನನ್ನದು ಅಂತ ಸಿಕ್ಕ ಮೊದಲ ಜಾಗ ಅದು.

2015ರಲ್ಲಿ ಎಣ್ಣೆಯ ಬೆಲೆ ಬಿತ್ತು. ನಮ್ಮನೆಯವರ ಕಂಪನಿ ಎಣ್ಣೆಬಾವಿಗಳದ್ದು. ಒಂದು ಸಂಜೆ ಬಂದು ಬೂಟೂ ಬಿಚ್ಚದೆ ಕೂತರು.

“ಕೆಲಸ ಹೋತು, ಶೈಲಾ.”

“ಅಯ್ಯ! ಮುಂದ ಹೆಂಗ್ರಿ?”

“ಡಲ್ಲಾಸ್‌ನ್ಯಾಗ ಒಂದು ಆಗೂ ಹಂಗೈತಿ.”

“ಡಲ್ಲಾಸಾ? ಆ ಮಂದಿ ಕೂಡ ಹೆಂಗ್ ಇರೂದ್ರೀ?”

“ಕೆಲಸ ಹೋಗೇತಿ ಅಂತ ಹೇಳಾಕತ್ತೀನಿ, ನಿನಗ ಇನ್ನೂ ಬೇಸ್‌ಬಾಲ್ ಚಿಂತಿ!” ಎಂದು ಅವರು ತಲೆ ಹಿಡಿದುಕೊಂಡರು.

ಡಲ್ಲಾಸ್‌ಗೆ ಶಿಫ್ಟ್ ಆದೆವು. ಅದೇ ವರ್ಷ ನನ್ನಂಥವರಿಗೆ ಕೆಲಸದ ಪರವಾನಗಿ ಸಿಕ್ಕಿತು, ಒಂದು ವಿಮಾ ಕಚೇರಿಯಲ್ಲಿ ಅಂಕಿ–ಅಂಶದ ಕೆಲಸವೂ ಸಿಕ್ಕಿತು. ಮತ್ತು ಅದೇ ವರ್ಷ, ನಾನು ಬೆನ್ನು ತಿರುಗಿಸಿದ್ದೇ ತಡ, ಹ್ಯೂಸ್ಟನ್ ಗೆಲ್ಲತೊಡಗಿತು! ಹತ್ತು ವರ್ಷದ ಮೇಲೆ ಪ್ಲೇಆಫ್, ಅಂದರೆ ಕೊನೆಯ ಸುತ್ತಿನ ಪಂದ್ಯಗಳು. ಅಕ್ಟೋಬರ್‌ನಲ್ಲಿ ಅಜ್ಜಿ ಫೋನ್ ಮಾಡಿದರು. “ಸೋಮವಾರ ಮಧ್ಯಾಹ್ನದ ಮ್ಯಾಚು. ಗೆದ್ದರೆ ಮುಂದಿನ ಸುತ್ತು. ನೀನಿಲ್ಲದೆ ನಾನು ನೋಡೋದಿಲ್ಲ.”

ಆ ಮಾತು ಕೇಳಿ ಕಣ್ಣು ತುಂಬಿತು. ಹೊಸ ಕೆಲಸಕ್ಕೆ ಸೇರಿ ಎರಡು ತಿಂಗಳು, ಹೊಟ್ಟೆನೋವು ಎಂದು ಹಸಿಹಸಿ ಸುಳ್ಳು ಹೇಳಿದೆ. ಬೆಳಿಗ್ಗೆ ಆರಕ್ಕೆ ಹೊರಟು ನಾಲ್ಕೂವರೆ ಗಂಟೆ ಡ್ರೈವ್ ಮಾಡಿದೆ. ಅಜ್ಜಿಗೆ ಇಷ್ಟವೆಂದು ಗಿರ್ಮಿಟ್ ಮಾಡಲು ಮಂಡಕ್ಕಿ, ಹುರಿಗಡಲೆ ಪುಡಿ ಕಟ್ಟಿಕೊಂಡಿದ್ದೆ.

ಮನೆ ತುಂಬ ಜನ. ಲಿಂಡಾ, ಅವಳ ಗಂಡ, ಅವರ ಗೆಳೆಯರು. ಎಲ್ಲರ ಮೈಮೇಲೆ ನಿನ್ನೆ ಮೊನ್ನೆ ಕೊಂಡ ಹ್ಯೂಸ್ಟನ್ ತಂಡದ ಕಿತ್ತಳೆ ಟೀಶರ್ಟು, ಕೆಲವಕ್ಕೆ ಇನ್ನೂ ಮಡಿಕೆಯ ಗೆರೆ. ಸೋಫಾದ ಎಡತುದಿಯಲ್ಲಿ ಗೆಳೆಯನೊಬ್ಬ ಕಾಲು ಚಾಚಿ ಕೂತಿದ್ದ. ಅಜ್ಜಿ ನನ್ನನ್ನು ನೋಡಿ ಮುಖವರಳಿಸಿದರು, ಕೈ ಚಾಚಿದರು, ಆಮೇಲೆ ಯಾಕೋ ಮಗಳ ಕಡೆ ನೋಡಿ ಕೈ ಹಿಂದೆಗೆದರು. ನಾನು ಗೋಡೆಗೆ ಆನಿಸಿಟ್ಟಿದ್ದ ಕುರ್ಚಿಯಲ್ಲಿ ಕೂತೆ. ಎಡತುದಿಯವನು “ಈಗ ಬೌಲಿಂಗ್ ಯಾರದು? ನಮ್ಮದಾ?” ಎಂದು ಕೇಳುತ್ತಿದ್ದ. ಕ್ರಿಕೆಟ್ಟಿನವಳು ನಾನು, ಬೇಸ್‌ಬಾಲ್‌ಗೆ ಬೌಲಿಂಗ್ ಅಂದವನು ಅವನು. ಹಲ್ಲು ಕಚ್ಚಿಕೊಂಡೆ.

ಆದರೂ ಆಟ ನಮ್ಮದಾಗಿತ್ತು. ಒಂಬತ್ತರಲ್ಲಿ ಏಳು ಸರದಿ ಮುಗಿದಾಗ ನಾಲ್ಕು ರನ್ ಮುಂದೆ. ಇನ್ನು ಆರು ಔಟ್ ಸಾಕು. ಆಗ ಲಿಂಡಾ ಪಕ್ಕಕ್ಕೆ ಬಂದು ಬಗ್ಗಿ, ತುಂಬ ಸವಿಯಾಗಿ, “ನೀವೇ ತಾನೇ ಶೈಲಾ? ಅಮ್ಮನಿಗೆ ಎಷ್ಟು ಚೆನ್ನಾಗಿ ಮಾಡಿದಿರಿ. ಯಾವ ಏಜೆನ್ಸಿಯಿಂದ ಬರ್ತಿದ್ರಿ?” ಎಂದಳು.

ಅರ್ಥವಾಗಲಿಲ್ಲ.

“ದಿನಾ ಬರೋ ಹೆಲ್ಪರ್ ಇದ್ದಾಳೆ, ವೃದ್ಧಾಶ್ರಮದ ಮಾತೆತ್ತಬೇಡ ಅಂತ ಅಮ್ಮ ನಾಲ್ಕು ವರ್ಷ ನನ್ನ ಬಾಯಿ ಮುಚ್ಚಿಸಿದ್ರು. ನೀವು ಹೋದ ಮೇಲೆ ಕಷ್ಟ ಆಗಿದೆ. ನಿಮ್ಮ ಜನರಲ್ಲಿ ಇನ್ಯಾರಾದರೂ ಇದ್ದಾರಾ? ಹಾಂ, ಕಿಚನ್ನಿನಲ್ಲಿ ಪ್ಲೇಟುಗಳು ರಾಶಿ ಬಿದ್ದಿವೆ, ಸ್ವಲ್ಪ ನೋಡ್ತೀರಾ?”

ನಾನು ಅಜ್ಜಿಯ ಕಡೆ ನೋಡಿದೆ. ಮೂರಡಿ ದೂರದಲ್ಲಿದ್ದರು. ಡಾರಿಸ್ ಅಜ್ಜಿಯ ಕಿವಿ ನನಗೆ ಗೊತ್ತು. ಬಚ್ಚಲಲ್ಲಿದ್ದರೂ ಅಂಪೈರ್ ಕೂಗಿದ್ದು ಅವರಿಗೆ ಕೇಳಿಸುತ್ತದೆ. ಕೇಳಿಸಿತ್ತು. ಕತ್ತು ಕೆಂಪಾಗಿತ್ತು. ‘ಹೆಲ್ಪರ್ ಅಲ್ಲ, ಇವಳು ನನ್ನ ಗೆಳತಿ’ ಅನ್ನಲು ಎಷ್ಟು ಹೊತ್ತು ಬೇಕು? ಅವರು ಟಿವಿಯಿಂದ ಕಣ್ಣು ಕೀಳಲಿಲ್ಲ.

ನಾನು ಎದ್ದು ಹೋಗಿ ಪ್ಲೇಟು ತೊಳೆದೆ. ಯಾಕೆ ತೊಳೆದೆ ಎಂದು ಇವತ್ತಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಹನ್ನೊಂದು ವರ್ಷ ಲೆಕ್ಚರರ್ ಆಗಿದ್ದವಳು, ಎಂಥ ಹುಡುಗರನ್ನೂ ಒಂದು ಮಾತಿಗೆ ಕೂರಿಸಿದವಳು, ಬಾಯಿ ಸತ್ತವಳಂತೆ ನಿಂತು ಸೋಪು ಹಚ್ಚಿದೆ. ಕೇಳದೇ ಬಂದು ಕೆಲಸ ಮಾಡಿಕೊಡುವವಳು ಇಲ್ಲಿ ಮನೆಯವಳಾಗಿರಬೇಕು, ಇಲ್ಲವೇ ಸಂಬಳದವಳು. ನಡುವಿನ ಜಾಗ ನಮ್ಮಲ್ಲಿ ಇದೆ, ಇವರಲ್ಲಿ ಇಲ್ಲ. ಇಲ್ಲದ ಜಾಗದಲ್ಲಿ ನಾನು ನಾಲ್ಕು ವರ್ಷ ಸುಖವಾಗಿ ಕೂತಿದ್ದೆ.

ಅಷ್ಟರಲ್ಲಿ ಹಾಲ್‌ನಿಂದ “ಓ ನೋ” ಕೇಳಿಸಿತು. ಮತ್ತೊಂದು. ಮತ್ತೂ ಒಂದು. ಕೈ ಒರೆಸಿಕೊಂಡು ಬಂದು ನೋಡಿದರೆ ನಾಲ್ಕು ರನ್ನೂ ಹೋಗಿ, ಎದುರಾಳಿ ಮುಂದೆ. ಸಂಭವನೀಯತೆ ಕಲಿಸಿದವಳು ನಾನು, ನನ್ನ ಕುರ್ಚಿಗೂ ಅವರ ಎಸೆತಕ್ಕೂ ಸಂಬಂಧವಿಲ್ಲ ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲೆ. ಆದರೂ ಹೇಳುತ್ತೇನೆ: ನನ್ನನ್ನು ಎಬ್ಬಿಸಬಾರದಿತ್ತು!

ಸೋತರು. ಕಿತ್ತಳೆ ಟೀಶರ್ಟಿನವರು ಚಿಪ್ಸ್ ಮುಗಿಸಿ ಬೇರೆ ಚಾನೆಲ್ ಹಾಕಿದರು, ಡಲ್ಲಾಸ್‌ನ ಫುಟ್‌ಬಾಲ್ ಸುದ್ದಿ. ಆ ಮನೆಯಲ್ಲಿ! ಅಜ್ಜಿ ಅದಕ್ಕೂ ಏನೂ ಅನ್ನಲಿಲ್ಲ. ಬಾಗಿಲವರೆಗೆ ಬಂದು ನನ್ನ ಕೈ ಹಿಡಿದು, “ಅವರು ನನ್ನ ಮನೆ ಬಿಡಿಸ್ತಿದ್ರು ಶೈಲಾ” ಎಂದರು. ಅಷ್ಟೇ. ನಾನು ಹೂಂ ಅಂದೆ. ಅವರ ಕಷ್ಟ ನನಗೆ ಅರ್ಥವಾಯಿತು, ಚೆನ್ನಾಗಿಯೇ ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಉರಿ ಕಡಿಮೆಯಾಗುವುದಿಲ್ಲ.

ಡಲ್ಲಾಸ್‌ನಲ್ಲಿ ನನ್ನ ಆಫೀಸಿನವರು ನನ್ನನ್ನು ಹ್ಯೂಸ್ಟನ್ನಿನವಳು ಎಂದು ಕಿಚಾಯಿಸುತ್ತಾರೆ. ಊರಿಗೆ ಫೋನ್ ಮಾಡಿದರೆ ಅಣ್ಣ “ನಿಮ್ಮ ಅಮೆರಿಕಾದಾಗ” ಎಂದು ಮಾತು ಶುರುಮಾಡುತ್ತಾನೆ. ಹ್ಯೂಸ್ಟನ್ನಿನಲ್ಲಿ ನಾನು ಏನಾಗಿದ್ದೆ ಎಂಬುದು ಗೊತ್ತಾಯಿತಲ್ಲ. ಯಾವ ಊರಿನ ಹೆಸರು ಹೇಳಿದರೂ ನಾಲಿಗೆ ಒಂದು ಕ್ಷಣ ತಡೆಯುತ್ತದೆ.

ಮುಂದಿನ ಏಪ್ರಿಲ್‌ನಲ್ಲಿ ಹೊಸ ಸೀಸನ್. ಒಂದು ಶನಿವಾರ ಮಧ್ಯಾಹ್ನ ಫೋನ್ ಬಂತು. ಡಾರಿಸ್ ಅಜ್ಜಿ, ಫುಲ್‌ಶೀರ್ ಕಡೆಯ ಒಂದು ವೃದ್ಧಾಶ್ರಮದಿಂದ. ಕಡೆಗೂ ಮನೆ ಬಿಡಿಸಿದ್ದರು.

“ನೋಡ್ತಿದ್ದೀಯಾ ಮ್ಯಾಚು?” ಎಂದು ಕೇಳಿದರು.

ನನ್ನ ಎದುರಿಗೇ ಟಿವಿ ಇತ್ತು, ಹ್ಯೂಸ್ಟನ್ ಆಡುತ್ತಿತ್ತು. ರಿಮೋಟ್ ಒತ್ತಿ ದನಿ ಅಡಗಿಸಿದೆ. “ಇಲ್ಲ ಮಿಸ್ ಡಾರಿಸ್, ನಾನೀಗ ನೋಡೋದು ಬಿಟ್ಟಿದ್ದೇನೆ.”

ಫೋನ್ ಇಟ್ಟುಬಿಡುತ್ತಾರೆ ಅಂದುಕೊಂಡೆ. ಅವರು “ಹಾಗಾದರೆ ನಾನೇ ಹೇಳ್ತೀನಿ, ಕೇಳು” ಎಂದು ಶುರುಮಾಡಿದರು. ಎಸೆತ ಎಸೆತಕ್ಕೂ ಹೇಳಿದರು. ಕಣ್ಣು ಮಂಜಾಗಿದೆ ಪಾಪ, ಅರ್ಧಕ್ಕರ್ಧ ತಪ್ಪು. ನಮ್ಮ ಹುಡುಗನೊಬ್ಬ ಮೂರನೇ ಮೂಲೆಯಿಂದ ರನ್ನಿಗಾಗಿ ಬಿದ್ದೆನೋ ಕೆಟ್ಟೆನೋ ಎಂದು ಓಡಿ ಬಂದ, ಧೂಳೆದ್ದಿತು, ಅಂಪೈರ್ ಔಟ್ ಕೊಟ್ಟ. ನನ್ನ ಟಿವಿಯಲ್ಲಿ ಆ ಹುಡುಗ ತಲೆ ತಗ್ಗಿಸಿ ವಾಪಸ್ ನಡೆಯುತ್ತಿದ್ದ.

“ಸೇಫ್! ಬಂದುಬಿಟ್ಟ ಶೈಲಾ, ಮುಟ್ಟಿಬಿಟ್ಟ!” ಎಂದು ಅಜ್ಜಿ ಕಿರುಚಿದರು.

“ಹೌದಾ? ಒಳ್ಳೇದಾಯ್ತು” ಅಂದೆ.