ಗಾಜಿನಂತೆ ಕಾಣುವ ಬುಗುರಿ

ನಮ್ಮ ಸೋದರಮಾವನ ಬುಗುರಿಗಳ ಕಿತ್ತಳೆ ಬಣ್ಣವನ್ನು ಕಂಡುಹಿಡಿದದ್ದು ಒಂದು ಕಂಪ್ಯೂಟರು ಎಂಬುದು ನೆಂಟರೆಲ್ಲ ಮದುವೆಮನೆಗಳಲ್ಲಿ ಹೇಳಿಕೊಂಡು ಬಂದಿರುವ ಕಥೆ. ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ಸಮಾನ ನಿಷ್ಠೆಯಿಂದ ವಾದಿಸಿ ನಾಲಿಗೆಯನ್ನು ಸಾಣೆ ಹಿಡಿಸಿಕೊಂಡವಳಿಗೆ, ಎಲ್ಲರೂ ಒಟ್ಟಿಗೆ ತಲೆದೂಗುವ ಮಾತು ಕೇಳಿದೊಡನೆ ಒಂದು ಬಗೆಯ ತುರಿಕೆ ಶುರುವಾಗುತ್ತದೆ. ಆ ಯಂತ್ರಕ್ಕೆ ಗೊತ್ತಿರುವುದು ಕಪ್ಪು ಬಿಳುಪು ಸೇರಿ ಎಂಟೇ ಬಣ್ಣ. ಅವುಗಳಲ್ಲಿ ಕಿತ್ತಳೆ ಇಲ್ಲ. ತನ್ನಲ್ಲಿಲ್ಲದ್ದನ್ನು ಅದು ಹೇಗೆ ಕೊಟ್ಟೀತು, ನೀವೇ ಹೇಳಿ.

ಮಾವನದು ಚನ್ನಪಟ್ಟಣದಲ್ಲಿ ಮರದ ಆಟಿಕೆ ಕಡೆಯುವ ಕಸುಬು. ಯಾವ ಕಾಲದಲ್ಲೋ ಒಬ್ಬ ಗಿರಾಕಿ ಕಾರಿನ ಡಿಕ್ಕಿ ತುಂಬ ಆಟಿಕೆ ಒಯ್ದು, ಬದಲಿಗೆ ಈ ಯಂತ್ರವನ್ನು ಬಿಟ್ಟುಹೋದನಂತೆ. ನೋಡಲು ಬರೀ ದಪ್ಪನೆಯ ಕೀಬೋರ್ಡು. ಅದರ ತಂತಿಯನ್ನು ಟಿ.ವಿ.ಯ ಆಂಟೆನಾ ತೂತಿಗೆ ಚುಚ್ಚಿ, ಕ್ಯಾಸೆಟ್ಟಿನಿಂದ ಪ್ರೋಗ್ರಾಮು ಹಾಕಬೇಕು. ಮಾವ ಅದರಲ್ಲಿ ಬುಗುರಿಯ ಚಿತ್ರ ಬರೆದು ಪಟ್ಟೆ ಪಟ್ಟೆಯಾಗಿ ಬಣ್ಣ ತುಂಬಿ, ಎದ್ದು, ಬಾಗಿಲವರೆಗೂ ಹಿಂದಕ್ಕೆ ಸರಿದು ನೋಡುತ್ತಿದ್ದರು. ಲೇತಿನ ಮೇಲೆ ತಿರುಗುವ ಆಟಿಕೆಗೆ ಬಣ್ಣದ ಅರಗು ಹಚ್ಚಿದಾಗಲೂ ಅವರದು ಅದೇ ಅಭ್ಯಾಸ. “ಮೂಗ್ ತಾಗ್ಸಿ ನೋಡ್ಬುಟ್ರೆ ಯಾವ್ ಬಣ್ಣಾನೂ ಬಣ್ಣ ಅಲ್ಲ ಕಣವ್ವ” ಎನ್ನುವರು. ಹಾಗೆ ಕಂಡ, ಹಲಸಿನ ತೊಳೆಯಂಥ ಒಂದು ಕಿತ್ತಳೆಯನ್ನು ಅರಗಿನಲ್ಲಿ ಬೆರೆಸಿಯೇ ಅವರು ಹೆಸರಾದದ್ದು.

ಈಚೆಗೆ ಮಾವನ ಕಣ್ಣಿನ ಪೊರೆ ತೆಗೆದರು. ದೃಷ್ಟಿಯೇನೋ ಚುರುಕಾಯಿತು, ಆದರೆ “ಲೋಕಕ್ಕೆಲ್ಲ ನೀಲಿ ಹಾಕಿ ಒಗ್ದಂಗೈತೆ” ಎಂಬ ತಕರಾರು. ಮನೆಯಲ್ಲಿ ಉಳಿದಿದ್ದ ಒಂದೇ ಹಳೆಯ ಬುಗುರಿಯೂ ಕಿಟಕಿಯ ಬಿಸಿಲಿಗೆ ಬಿಳಿಚಿಕೊಂಡಿತ್ತು. ಮಗಳ ಕೂಸಿಗೆ ಅದೇ ಬಣ್ಣದ ಬುಗುರಿ ಮಾಡಬೇಕೆಂದು ಅರಗು ಬೆರೆಸುವುದು, ಸುಮ್ಮನೆ ನೋಡುವುದು, ಪಕ್ಕಕ್ಕೆಸೆಯುವುದು, ಹೀಗೇ ನಡೆದಿತ್ತು. ಕೊನೆಗೆ ಆ ಯಂತ್ರವನ್ನು ಕ್ಯಾಸೆಟ್ಟಿನ ಸಮೇತ ರಾಮನಗರಕ್ಕೆ, ಹಳೆಯ ಯಂತ್ರ ಬಿಚ್ಚಿ ಬೆಸೆಯುವ ಹುಚ್ಚಿರುವ ನನ್ನ ಬಳಿಗೆ ಕಳಿಸಿ ಫೋನು ಮಾಡಿದರು: “ನನ್ ಬಣ್ಣ ಕಳ್ದೋಗೈತೆ ಕಣವ್ವ. ಅದ್ರೊಳಗೆ ಒಸಿ ತೋರ್ಸ್‌ಬುಡು, ಕಣ್ತುಂಬ್ಕೊಂಡು ಬತ್ತೀನಿ.”

ನಮ್ಮ ಟಿ.ವಿ.ಗೆ ಜೋಡಿಸಿ, ಮಾವ ಬರೆದ ಚಿತ್ರವಿದ್ದ ಕ್ಯಾಸೆಟ್ಟು ಹಾಕಿದೆ. ಅಕ್ಕಿ ಚೆಲ್ಲಿದಂಥ ಚುಕ್ಕಿಗಳ ಹಿಂದೆ, ನೆನೆದ ಕುಂಕುಮದ ಹಾಗೆ ಬಣ್ಣ ಸೋರುವ ಒಂದು ಬುಗುರಿ ಕಂಡಿತು, ಕಿತ್ತಳೆಯೂ ಕಂಡಿತು. ಆ ಕ್ಷಣವೇ ಮಾವನನ್ನು ಕರೆಸಬಹುದಿತ್ತು. ಆದರೆ ಮಸುಕಾದದ್ದನ್ನು ಮಸುಕಾಗಿಯೇ ಬಿಡುವುದು ವಿಚಾರವಂತರ ಲಕ್ಷಣವೆ? ಗಾಜಿನಷ್ಟು ಸ್ಪಷ್ಟ ಮಾಡಿ ತೋರಿಸುತ್ತೇನೆ ಎಂದು ಮಾವನಿಗೆ ಫೋನಿನಲ್ಲಿ ಹೇಳಿದೆ. “ಬ್ಯಾಡ ಕಣವ್ವ, ಕಂಡಷ್ಟೇ ಸಾಕು” ಎಂದರು. ನಾನು ವಾದ ಮಂಡಿಸಿದೆ, ಆಕ್ಷೇಪಗಳನ್ನು ಊಹಿಸಿ ಮೊದಲೇ ಖಂಡಿಸಿದೆ. “ಆಯ್ತು ತಾಯಿ, ನೀನೇ ಗೆದ್ದೆ” ಎಂದು ಫೋನಿಟ್ಟರು.

ಯಂತ್ರದ ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ಒಂದು ತಗಡಿನ ಡಬ್ಬಿ ಇದೆ. ಎಲ್ಲ ಬಣ್ಣವನ್ನೂ ಒಂದೇ ತಂತಿಗೆ ತುರುಕಿ ಟಿ.ವಿ. ಚಾನೆಲ್ಲಿನ ವೇಷ ಹಾಕಿ ಕಳಿಸುವುದು ಅದರ ಕೆಲಸ. ಮಸುಕಿನ ಮೂಲವೂ ಅದೇ. ಅದನ್ನು ಕಿತ್ತು, ಕೆಂಪು, ಹಸಿರು, ನೀಲಿಗಳನ್ನು ಬೇರೆ ಬೇರೆ ತಂತಿಯಲ್ಲಿ ಮಾನಿಟರಿಗೆ ಒಯ್ಯುವ ಪುಟ್ಟ ಬೋರ್ಡೊಂದನ್ನು ಬೆಸೆದೆ. ಕೀಳುವಾಗ ಬೆಸುಗೆ ಕಡ್ಡಿಯನ್ನು ಕೊಂಚ ಹೆಚ್ಚು ಹೊತ್ತು ಒತ್ತಿದೆ. ಡಬ್ಬಿಯ ಕೆಳಗಿನ ತಾಮ್ರದ ಗೆರೆ ಹಾಲಿನ ಕೆನೆಯ ಹಾಗೆ ಎದ್ದು ಬಂತು. ಇನ್ನು ಡಬ್ಬಿಯನ್ನು ಹಿಂದಿನಂತೆ ಕೂರಿಸುವುದು ನನ್ನ ಕೈಯಲ್ಲಾಗದ ಮಾತು. ಇರಲಿ, ಯಾರಿಗೆ ಬೇಕು ಅದು, ಎಂದುಕೊಂಡು ಸ್ವಿಚ್ಚು ಒತ್ತಿದೆ.

ಎಂಥ ಸ್ಪಷ್ಟತೆ! ಒಂದು ಕೆಂಪು ಗೆರೆ, ಒಂದು ಹಳದಿ ಗೆರೆ, ಮತ್ತೆ ಕೆಂಪು, ಮತ್ತೆ ಹಳದಿ. ಕಿತ್ತಳೆ ಎಲ್ಲೂ ಇಲ್ಲ. ಕಂಪ್ಯೂಟರಿನಲ್ಲಿ ಅದು ಎಂದೂ ಇರಲೇ ಇಲ್ಲ. ಎರಡು ಬಣ್ಣಗಳು ಆ ದರಿದ್ರ ತಂತಿಯಲ್ಲಿ ಒಂದರ ಮೇಲೊಂದು ಸೋರಿದಾಗಷ್ಟೇ ಹುಟ್ಟುತ್ತಿತ್ತು. ನನ್ನ ವಾದ ಸಂಪೂರ್ಣವಾಗಿ ಗೆದ್ದಿತ್ತು. ಗೆದ್ದವಳು ಮಾತ್ರ ಕಿತ್ತ ಡಬ್ಬಿಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ನೆಟ್ಟಗಿದ್ದುದ್ನ ಎಕ್ಕುಟ್ಟಿಸ್ಬುಟ್ಯಲ್ಲೇ! ನಿಮ್ಮಾವ ಆಗ್ಲೇ ರೈಲು ಹತ್ತವ್ರಂತೆ” ಎಂದು ಅಮ್ಮ ಬಾಗಿಲಲ್ಲಿ ನಿಂತು ಘೋಷಿಸಿದಳು. ಚನ್ನಪಟ್ಟಣದ ರೈಲು ಅಪರಾಧಿಗಳಿಗೆ ಹೆಚ್ಚು ಸಮಯ ಕೊಡುವುದಿಲ್ಲ. ಮಾನಿಟರಿನ ಮುಂದೆ ಹಾಲಿನ ಕವರು ಹಿಡಿದೆ, ಗಾಜಿನ ಮೇಲೆ ಉಸಿರು ಊದಿದೆ. ಅಷ್ಟೆಲ್ಲ ಜರೆದು ಕಿತ್ತ ಮಸುಕನ್ನು ತಿರುಗಿ ತರಲು ನಾನು ಪಟ್ಟ ಪಾಡನ್ನು ನೋಡಿ ಅಮ್ಮ, “ಒಸಿ ಎಣ್ಣೆ ಸವರ್ಲಾ?” ಎಂದಳು. ಆ ಸಲಹೆಯನ್ನೂ ನಾನು ಗಂಭೀರವಾಗಿಯೇ ಪರಿಶೀಲಿಸಿದೆ.

ಅಷ್ಟರಲ್ಲಿ ಮಾವ ಬಂದರು. ಕಾಫಿಯನ್ನೂ ಮುಟ್ಟದೆ ಮಾನಿಟರಿನ ಮುಂದೆ ಕೂತು, ಬಗ್ಗಿ, “ಇದೇನವ್ವ, ಬರೀ ಗೀಟು?” ಎಂದರು. ನಾನು “ಮಾವ, ಅದೂ...” ಎಂದು ಆರಂಭಿಸಿದೆ. ಸ್ಪಷ್ಟತೆಯ ಪರವಾಗಿ ಅಷ್ಟೆಲ್ಲ ಮಾತಾಡಿದವಳಿಗೆ, ಸ್ಪಷ್ಟವಾಗಿ ನೋಡಿದರೆ ಕಾಣದಂಥದ್ದೂ ಇರಬಹುದು ಎಂಬ ಒಂದು ಆಕ್ಷೇಪ ಮಾತ್ರ ಹೊಳೆದೇ ಇರಲಿಲ್ಲ.

ಮಾವ ಎದ್ದರು. ಚಿತ್ರದ ಮೇಲಿಂದ ಕಣ್ಣು ಕೀಳದೆ ಹಿಂದಕ್ಕೆ ಹೆಜ್ಜೆಯಿಟ್ಟರು; ಬಾಗಿಲಿಗೆ ಬಂದರು, ಹೊಸಿಲು ದಾಟಿದರು, ಅಂಗಳದ ಗೇಟಿಗೆ ಬೆನ್ನು ಕೊಟ್ಟು ನಿಂತರು. ಅರಗಿನ ಕಡ್ಡಿಯನ್ನು ಹೊಸೆಯುವಾಗಿನಂತೆ ಹೆಬ್ಬೆರಳು ತೋರುಬೆರಳನ್ನು ಮೆಲ್ಲಗೆ ತಿಕ್ಕತೊಡಗಿದ್ದು ನನಗೆ ಕಂಡಿತು.

“ಮಾವ, ಅಲ್ಲಿಂದ ನಿಮಗೆ ಯಾವ ಬಣ್ಣ ಕಾಣ್ತಾ ಇದೆ?”