ಮುಂದೆ ನಡೆಯುವವರ ಹೆಸರು

ಆ ಹಾಳೆ ಈಗಲೂ ಎಸ್ಟೇಟ್ ಆಫೀಸಿನ ಫೈಲಿನಲ್ಲಿದೆ. ಬರೆದವಳು ನಾನೇ. ಅಕ್ಷರ ದುಂಡಗಿದೆ ಎಂದು ಮ್ಯಾನೇಜರ್ ಹೊಗಳಿದ್ದರು. ಹಾಳು ಅಕ್ಷರ!

ಕೆ. ಹೊಸಕೋಟೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಆಳುಗಳ ಹಾಜರಿ ಹಾಕುವುದು, ಕುಯ್ದ ಹಣ್ಣಿನ ತೂಕ ಬರೆಯುವುದು ನನ್ನ ಕೆಲಸ. ಮೇಲಿನ ತೋಟಕ್ಕೆ ನಾನು ಹೋಗುವುದು ಮಧ್ಯಾಹ್ನದ ಮೇಲೆ, ಹಣ್ಣು ತರಲು ಹೊರಟ ಜೀಪಿನಲ್ಲಿ. ಹೊರದೇಶಕ್ಕೆ ಕಾಫಿ ಕಳಿಸಲು ಸರ್ಟಿಫಿಕೇಟ್ ಬೇಕು, ಅದಕ್ಕೆ ಅನಾಹುತ ಎದುರಿಸುವ ಯೋಜನೆಯೊಂದು ಬೇಕು ಎಂದಾಗ ಅದೂ ನನ್ನ ತಲೆಗೇ ಬಂತು. ಸಕಲೇಶಪುರದಲ್ಲಿ ಒಂದು ದಿನ ತರಬೇತಿ ಕೊಟ್ಟರು. ಯಾವ ಅಪಾಯಕ್ಕೂ ನಾಲ್ಕೇ ದಾರಿ ಎಂದರು ಪಾಠ ಮಾಡಿದವರು: ತಪ್ಪಿಸಿ, ಇಲ್ಲವೇ ತಗ್ಗಿಸಿ, ಇಲ್ಲವೇ ವಿಮೆ ಮಾಡಿಸಿ ಬೇರೆಯವರ ಹೆಗಲಿಗೆ ದಾಟಿಸಿ, ಯಾವುದೂ ಆಗದಿದ್ದರೆ ಒಪ್ಪಿಕೊಂಡು ಸುಮ್ಮನಿರಿ. ಅನಾಹುತವಾದ ಎಷ್ಟು ದಿನಕ್ಕೆ ಕೆಲಸ ಮತ್ತೆ ಶುರುವಾಗಬೇಕು ಎಂದೂ ಬರೆಯಬೇಕಿತ್ತು. ಮಧ್ಯಾಹ್ನ ಊಟ ಚೆನ್ನಾಗಿತ್ತು.

ಒಂದು ಸಾಲು ಬಿಟ್ಟು ಉಳಿದದ್ದನ್ನೆಲ್ಲ ಸಲೀಸಾಗಿ ತುಂಬಿದೆ. ಗೋದಾಮಿಗೆ ಬೆಂಕಿ ಬಿದ್ದರೆ ವಿಮೆ. ಕಂಪ್ಯೂಟರ್ ಕೆಟ್ಟರೆ ಕಡತಗಳ ಇನ್ನೊಂದು ಪ್ರತಿ ಮಾಲೀಕರ ಹಾಸನದ ಮನೆಯಲ್ಲಿ. ದೋಣಿಗಲ್ ಹತ್ತಿರ ಗುಡ್ಡ ಜಾರಿ ಘಾಟಿ ಮುಚ್ಚಿದರೆ ಮೂಟೆಗಳು ನಮ್ಮಲ್ಲೇ ಕಾಯಲಿ. ಪೆನ್ನು ನಿಂತದ್ದು ಆನೆಯ ಸಾಲಿಗೆ ಬಂದಾಗ. ಆಳುಗಳ ಲೈನ್ ಮನೆಗಳಿಂದ ಮೇಲಿನ ತೋಟಕ್ಕೆ ಹೆಂಗಸರು ಬೆಳಗಿನ ಮಂಜಿನಲ್ಲಿ ನಡೆದು ಹೋಗಬೇಕು. ಆನೆಗಳು ಇಳಿಯುವುದೂ ಅದೇ ದಾರಿಯಲ್ಲಿ.

ಮಂಜು ಕರಗಿದ ಮೇಲೆ ಕೆಲಸ ಶುರು ಮಾಡಬಹುದಲ್ಲ ಎಂದು ಮ್ಯಾನೇಜರರನ್ನು ಕೇಳಿದೆ.

"ಅಷ್ಟೊತ್ತಿಗೆ ಅರ್ಧ ದಿನ ಹೋಗ್ಬುಡ್ತೈತೆ. ಹಣ್ಣು ಗಿಡದಲ್ಲೇ ಒಣಗ್ತೈತೆ ಅಷ್ಟೆ."

"ಜೀಪಲ್ಲಿ ಬಿಟ್ಟು ಬರೋಣ್ವಾ ಸಾರ್?"

"ಜೀಪು ಹಣ್ಣು ಹೊರಕ್ಕೇ ಸಾಕಾಗಲ್ಲ ಕಣಮ್ಮ. ಏನಾರ ಬರಿ, ಖಾಲಿ ಮಾತ್ರ ಬಿಡಬ್ಯಾಡ."

ಲೈನಿನ ಹೆಂಗಸರಲ್ಲಿ ಒಂದು ರೂಢಿ ಇತ್ತು. ಚಿಕ್ಕ ಮಕ್ಕಳ ತಾಯಂದಿರು ಸಾಲಿನ ನಡುವೆ ನಡೆಯುತ್ತಿದ್ದರು. ಎಲ್ಲರಿಗಿಂತ ಮುಂದೆ ಒಬ್ಬಳು ವಿಧವೆ, ಅರವತ್ತರ ಹತ್ತಿರದವಳು. ಇಡೀ ಲೈನಿಗೇ ದೊಡ್ಡಮ್ಮ. "ನಂಗೇನು, ಹಿಂದಿಲ್ಲ ಮುಂದಿಲ್ಲ" ಎಂದು ನಗುತ್ತಿದ್ದಳು. ಕೊಂಬೆ ಮುರಿದ ಸದ್ದಾದರೆ ಕೈ ಎತ್ತಿ ನಿಲ್ಲುವಳು, ಹಿಂದಿನವರೆಲ್ಲ ನಿಲ್ಲುವರು. ಯಾರೂ ಅವಳಿಗೆ ಹೇಳಿದ್ದಲ್ಲ. ನಾನು ಅದನ್ನೇ ತೆಗೆದು 'ತಗ್ಗಿಸುವುದು' ಎಂಬ ಕಾಲಮ್ಮಿಗೆ ಹಾಕಿದೆ: ಅನುಭವಿ ಕಾರ್ಮಿಕರೊಬ್ಬರು ಗುಂಪಿನ ಮುಂದೆ ನಡೆಯುತ್ತಾರೆ. ಹೊಣೆ ಯಾರದು ಎಂಬಲ್ಲಿ ಅವಳ ಹೆಸರು. ತಪಾಸಣೆಗೆ ಬಂದವರು ಓದಿ ತಲೆಯಾಡಿಸಿದರು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಅದು ರೂಢಿಯಾಗಿ ಉಳಿಯಲಿಲ್ಲ, ಡ್ಯೂಟಿಯಾಯಿತು. ಅವಳು ಬರುವ ತನಕ ಮೇಸ್ತ್ರಿ ಸಾಲು ಹೊರಡಿಸುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ದೊಡ್ಡಮ್ಮ ಆಫೀಸಿನ ಬಾಗಿಲಿಗೆ ಬಂದು ನಿಂತಳು. "ಎಡಗಿವಿ ಮುಚ್ಚೋಗೈತೆ ಕಣವ್ವ ರೈಟ್ರಮ್ಮ. ಏನೂ ಕೇಳಾಕಿಲ್ಲ. ಮುಂದೆ ಬ್ಯಾರೆ ಯಾರಾರ ನಡೀಲಿ."

ಹೆಸರು ಬದಲಿಸಿದರೆ ಇಡೀ ಯೋಜನೆಗೆ ಮತ್ತೆ ಸಹಿಗಳಾಗಬೇಕು. ತಪಾಸಣೆ ಬೇರೆ ಹತ್ತಿರದಲ್ಲಿತ್ತು. "ಅದೊಂದು ಮುಗೀಲಿ ದೊಡ್ಡಮ್ಮ, ಬದಲಾಯಿಸ್ತೀನಿ" ಎಂದೆ. ಹೂಂ ಎಂದು ಹೋದಳು. ತಪಾಸಣೆ ಮುಗಿಯಿತು, ಕುಯ್ಲು ಶುರುವಾಯಿತು, ನಾನು ಮರೆತೆ. ಅವಳು ಎರಡನೇ ಸಲ ಕೇಳಲಿಲ್ಲ. ಮಾತು ಕೊಟ್ಟಿದ್ದೆನಲ್ಲ, ನಂಬಿದ್ದಳು.

ಡಿಸೆಂಬರಿನ ಒಂದು ಬೆಳಿಗ್ಗೆ ದಾರಿಯ ಎಡಗಡೆಯ ಬಿದಿರುಮೆಳೆಯಲ್ಲಿ ಸದ್ದಾಯಿತು. ಹಿಂದಿದ್ದವರಿಗೆಲ್ಲ ಕೇಳಿಸಿತು. ನಿಂತರು, ಕೂಗಿದರು. ಅವಳೊಬ್ಬಳು ನಡೆಯುತ್ತಲೇ ಇದ್ದಳಂತೆ. ಕೊನೆಗೆ ಕೂಗು ಕಿವಿಗೆ ಬಿದ್ದು, ಕೇಳುವ ಕಿವಿಯ ಕಡೆಗೆ, ಬಲಕ್ಕೆ ತಿರುಗಿದಳಂತೆ. ಆನೆ ಎಡದಿಂದ ಬಂತು. ನನಗೆ ಸುದ್ದಿ ತಲುಪಿದಾಗ ನಾನು ಆಫೀಸಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಅವಳ ಹೆಸರಿನ ಮುಂದೆ ಹಾಜರಿ ಹಾಕಿಯಾಗಿತ್ತು.

ಮೂರನೇ ದಿನಕ್ಕೆ ಕೆಲಸ ಶುರುವಾಗಬೇಕು ಎಂದು ನಾನೇ ಬರೆದಿದ್ದೆ. ಮೂರನೇ ದಿನಕ್ಕೇ ಶುರುವಾಯಿತು. ಯೋಜನೆ ಸರಿಯಾಗಿ ನಡೆದಿದೆ ಎಂದು ಮುಂದಿನ ತಪಾಸಣೆಯವರು ಷರಾ ಹಾಕಿದರು. ಅದನ್ನು ಓದಿ ಬಚ್ಚಲಿಗೆ ಹೋಗಿ ಅತ್ತೆ. ಅತ್ತರೆ ಏನು ಬಂತು?

ಆದರೆ ಅದಕ್ಕೂ ಮೊದಲು, ಅವಳು ಸತ್ತ ಮಾರನೆಯ ದಿನವೇ, ಹಾಳೆಯಲ್ಲಿ ಹೆಸರು ಬದಲಿಸಬೇಕು ಎಂದಿದ್ದರು ಮ್ಯಾನೇಜರ್. ಸಂಜೆ ಹಾಳೆ ಹಿಡಿದು ಲೈನಿಗೆ ಹೋದೆ. ನಲ್ಲಿಯ ಹತ್ತಿರ ಹೆಂಗಸರು ಕೂತಿದ್ದರು. ಮುಂದೆ ಯಾರು ನಡೀತೀರಿ ಎಂದು ಕೇಳಿದೆ. ಕೊಡ ತುಂಬಿ ಹರಿಯುತ್ತಿತ್ತು, ಯಾರೂ ನಲ್ಲಿ ನಿಲ್ಲಿಸಲಿಲ್ಲ.

ಕೊನೆಗೆ ಮಾತಾಡಿದವಳು ಇಷ್ಟು ದಿನ ಸಾಲಿನ ನಡುವೆ ನಡೆದವಳು. ಸೊಂಟದಲ್ಲಿ ಮಗು ಇತ್ತು. "ನಂದೇ ಬರ್ಕಳಿ ರೈಟ್ರಮ್ಮ. ನಂಗೆ ಎಲ್ಡ್ ಕಿವೀನೂ ಕೇಳ್ತೈತೆ."

ಬರೆದುಕೊಂಡೆ. ನನಗೂ ಎರಡೂ ಕಿವಿಗಳು ಕೇಳುತ್ತವೆ ಎಂಬುದು ಆಫೀಸಿಗೆ ವಾಪಸ್ ಬಂದು ಕೆಳಗೆ ಸಹಿ ಹಾಕುವಾಗಲೂ ನನಗೆ ಹೊಳೆಯಲಿಲ್ಲ.